ಸೈಟೇಶನ್ ನೋಡುವ ಮುಂಚೆ ಒಂದು ಮಾತು

ಪ್ರೀತಿಯ ಪುಟ್ಟಿಗೆ ಆಶೀರ್ವಾದಗಳು.

ನಿನ್ನ ಪತ್ರ ಎರಡು ಸಲ ಓದಿದೆ. ಪೇಪರ್‌ಗಳಿಗೆ ಬಂದ ಸೈಟೇಶನ್, ಅಂದರೆ ಬೇರೆಯವರು ತಮ್ಮ ಬರಹದಲ್ಲಿ ಮಾಡಿದ ಉಲ್ಲೇಖ, ಅಳೆಯುವ ಎಚ್-ಇಂಡೆಕ್ಸ್ ನಿನ್ನದು ಇನ್ನೂ 3ರಲ್ಲೇ ನಿಂತಿದೆ ಅಂತ ಬರೆದಿದ್ದೀಯ. ಬೆಳಿಗ್ಗೆ ಎದ್ದ ಕೂಡಲೇ ಆ ಲೆಕ್ಕ ತೋರಿಸುವ ಗೂಗಲ್ ಸ್ಕಾಲರ್ ತೆರೆದು ನೋಡುತ್ತೀಯಂತೆ. ಆ 3ಕ್ಕಿಂತ ಈ ರೂಢಿಯೇ ನನಗೆ ಜಾಸ್ತಿ ಚಿಂತೆ ತಂದಿತು.

ಈ ಅಳತೆ ತಂದವರು ಹಿರ್ಷ್ ಎಂಬ ಭೌತವಿಜ್ಞಾನಿ, 2005ರಲ್ಲಿ. ಹತ್ತು ಪೇಪರ್‌ಗಳಿಗೆ ತಲಾ ಹತ್ತಾದರೂ ಸೈಟೇಶನ್ ಬಂದಿದ್ದರೆ ಇಂಡೆಕ್ಸ್ 10. ಹಾಗಾದರೆ ಮೂರೇ ಪೇಪರ್ ಬರೆದು, ಒಂದೊಂದಕ್ಕೂ ಸಾವಿರಾರು ಸೈಟೇಶನ್ ಪಡೆದವರದು ಎಷ್ಟು? ಅದೂ 3. ನಿನ್ನ 3 ಮತ್ತು ಅವರ 3 ಒಂದೇ ಅಲ್ಲ, ಅಲ್ವಾ? ನಮ್ಮ ವಿಷಯವಾದ ಅರ್ಥಶಾಸ್ತ್ರದಲ್ಲಿ ಒಂದು ಪೇಪರ್ ಜರ್ನಲ್‌ನಲ್ಲಿ ಅಚ್ಚಾಗಲು ವರ್ಷಗಳೇ ಹಿಡಿಯುತ್ತವೆ. ಅದನ್ನು ಓದಿ ಬರೆದವರ ಪೇಪರ್ ಬರಲು ಮತ್ತಷ್ಟು ವರ್ಷ. ನಿನ್ನ ವಯಸ್ಸಿಗೆ ಆ ಅಂಕಿ ಏನನ್ನೂ ಹೇಳಲಾರದು.

ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ ಉದ್ಯಮ ಸಂಸ್ಥೆಗಳು ಯಾಕೆ ಹುಟ್ಟುತ್ತವೆ ಎಂಬ ಪೇಪರ್ ಪ್ರಕಟಿಸಿದ್ದು 1937ರಲ್ಲಿ. ಆಗ ಅವರಿಗೆ ಇನ್ನೂ 26 ವರ್ಷ. ಅದನ್ನು ಉಲ್ಲೇಖಿಸುವವರು ಬಹಳ, ಬಳಸುವವರು ಕಡಿಮೆ ಎಂದು 1972ರಲ್ಲಿ ಅವರೇ ಬರೆದರು. ನೊಬೆಲ್ ಬಂದದ್ದು 1991ರಲ್ಲಿ. ಅವರ ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ನನ್ನ ಪೇಪರ್‌ಗಳಲ್ಲಿ ಹೆಚ್ಚು ಸೈಟೇಶನ್ ಇರುವುದನ್ನು ಒಮ್ಮೆ ಕೂತು ಹುಡುಕಿದೆ. ಯಾರು, ಯಾವ ವಾಕ್ಯದಲ್ಲಿ ನನ್ನ ಹೆಸರು ತಂದಿದ್ದಾರೆ ಅಂತ. ಮುಕ್ಕಾಲು ಪಾಲು ಕಡೆ ಆವರಣದೊಳಗೆ ಐದಾರು ಹೆಸರುಗಳ ನಡುವೆ ನನ್ನದೂ ಒಂದು. ಯಾರಿಗೂ ಗೊತ್ತೇ ಇಲ್ಲದ ನನ್ನ ಇನ್ನೊಂದು ಪೇಪರ್‌ನ ವಿಧಾನವನ್ನು ಮಾತ್ರ ಒಬ್ಬ ವಿದ್ಯಾರ್ಥಿನಿ ಹೆಜ್ಜೆ ಹೆಜ್ಜೆಯಾಗಿ ಹಿಡಿದು ಮುಂದಕ್ಕೆ ಒಯ್ದಿದ್ದಳು. ಅದನ್ನು ಓದಿದ ದಿನ ನನಗೆ ತುಂಬಾ ಸಂತೋಷವಾಯಿತು.

ನೀನೂ ಹಾಗೆ ಮಾಡು. ನಿನಗೆ ಬಂದಿರುವ ಸೈಟೇಶನ್ ಕಡಿಮೆ, ಹಾಗಾಗಿ ಒಂದು ಮಧ್ಯಾಹ್ನ ಸಾಕು. ಬೈದು ಬರೆದದ್ದೂ ಅದರಲ್ಲಿ ಲೆಕ್ಕಕ್ಕೆ ಸೇರಿರುತ್ತದೆ. ಸರ್ಕಾರದ ಸಾಲ ಮತ್ತು ಆರ್ಥಿಕ ಬೆಳವಣಿಗೆಯ ಬಗ್ಗೆ ರೈನ್‌ಹಾರ್ಟ್ ಮತ್ತು ರೋಗೋಫ್ 2010ರಲ್ಲಿ ಬರೆದ ಪೇಪರ್ ನಿನಗೆ ಗೊತ್ತು. ಸ್ಪ್ರೆಡ್‌ಶೀಟ್‌ನ ಸರಾಸರಿಯಲ್ಲಿ ಐದು ದೇಶಗಳು ಬಿಟ್ಟುಹೋಗಿದ್ದನ್ನು 2013ರಲ್ಲಿ ಹರ್ನ್‌ಡನ್ ಎಂಬ ವಿದ್ಯಾರ್ಥಿ ಹಿಡಿದ. ಆ ತಪ್ಪನ್ನು ಹೇಳಲು ಬರೆದ ಪೇಪರ್‌ಗಳೂ ಆ ಪೇಪರ್‌ನ ಸೈಟೇಶನ್ ಏರಿಸಿದವು.

ಇನ್ನು ಆ ದೊಡ್ಡ ತಂಡದ ವಿಷಯ. ಸೇರಿದರೆ ವರ್ಷಕ್ಕೆ ನಾಲ್ಕು ಪೇಪರ್‌ನಲ್ಲಿ ಹೆಸರು ಬರುತ್ತದೆ ಅಂದಿದ್ದೀಯ. ಬರುತ್ತದೆ, ನಿಜ. ಗೂಗಲ್ ಸ್ಕಾಲರ್ ಪ್ರತಿ ಸಹಲೇಖಕರಿಗೂ ಪೂರ್ತಿ ಸೈಟೇಶನ್ ಕೊಡುತ್ತದೆ. ಅರ್ಥಶಾಸ್ತ್ರದ ಪೇಪರ್‌ಗಳ ಆನ್‌ಲೈನ್ ಸಂಗ್ರಹವಾದ ರೆಪೆಕ್‌ನಲ್ಲಿ ಲೇಖಕರ ಸಂಖ್ಯೆಗೆ ತಕ್ಕಂತೆ ಹಂಚುವ ಲೆಕ್ಕವೂ ಇದೆ. ಯಾರು ಯಾರ ಜೊತೆ ಬರೆದಿದ್ದಾರೆ ಎಂಬ ಬಲೆಯಲ್ಲಿ ನೀನು ನಡುವಿಗೆ ಎಷ್ಟು ಹತ್ತಿರ ಎಂದು ಅಳೆಯುವುದೂ ಉಂಟು. ಆದರೆ ಪುಟ್ಟಿ, ನಮ್ಮಲ್ಲಿ ಹೆಸರು ಬರೆಯುವುದು ಅಕ್ಷರಕ್ರಮದಲ್ಲಿ. ಕೆಲಸ ಯಾರದು ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಅಂಥಾ ಕಡೆ ಜೊತೆಯಲ್ಲಿ ಬರೆದ ಪೇಪರ್‌ನ ಶ್ರೇಯಸ್ಸು ಹೆಣ್ಣುಮಕ್ಕಳಿಗೆ ಗಂಡಸರಷ್ಟು ಸಿಗುವುದಿಲ್ಲ ಎಂದು ಅರ್ಥಶಾಸ್ತ್ರಜ್ಞೆ ಹೆದರ್ ಸಾರ್ಸನ್ಸ್ ಅವರ ಅಧ್ಯಯನ ತೋರಿಸಿದೆ. ಒಬ್ಬರೇ ಬರೆದ ಪೇಪರ್‌ನಲ್ಲಿ ಆ ಅಂತರ ಕಾಣಲಿಲ್ಲ. ನನಗೆ ಇದು ಓದಿ ಸಿಟ್ಟು ಬಂತು, ಈಗಲೂ ಬರುತ್ತದೆ. ಅದಕ್ಕೇ ಹೇಳುತ್ತಿದ್ದೇನೆ: ನೀನೊಬ್ಬಳೇ ಬರೆಯುತ್ತಿರುವ ಆ ಪೇಪರ್ ಮುಗಿಸು, ಆಮೇಲೆ ತಂಡಕ್ಕೆ ಉತ್ತರ ಕೊಡು. ಸೇರುವುದಾದರೆ ನಿನ್ನ ಜೊತೆ ಜಗಳವಾಡುವಷ್ಟು ಗಮನವಿಟ್ಟು ನಿನ್ನ ಕರಡು ಓದುವವರ ಜೊತೆ ಸೇರು.

ಲೆಕ್ಕವನ್ನು ಪೂರ್ತಿ ಬಿಡು ಅಂತ ನಾನು ಹೇಳುವುದಿಲ್ಲ. ಕೆಲಸ ಕೊಡುವವರು ನೋಡುತ್ತಾರೆ. ರೆಪೆಕ್‌ನಲ್ಲಿ ನೋಂದಾಯಿಸಿಕೋ, ಎಲ್ಲಾ ಕಡೆ ಹೆಸರನ್ನು ಒಂದೇ ರೀತಿ ಬರೆ, ಒಂದೇ ಪೇಪರ್‌ನ ವರ್ಕಿಂಗ್ ಪೇಪರ್ (ಜರ್ನಲ್‌ಗೆ ಮುಂಚಿನ ಪ್ರತಿ) ಮತ್ತು ಜರ್ನಲ್ ಪ್ರತಿ ಲೆಕ್ಕದಲ್ಲಿ ಎರಡಾಗಿ ಒಡೆದಿದ್ದರೆ ಜೋಡಿಸು. ವರ್ಷಕ್ಕೊಮ್ಮೆ ನೋಡಿದರೆ ಸಾಕು.

ನಿನ್ನ ಪೇಪರ್‌ನ ಮೂರನೇ ಭಾಗದ ಕೋಷ್ಟಕ ಇನ್ನೂ ಸರಿಬಂದಿಲ್ಲ ಅಂದಿದ್ದೆಯಲ್ಲ, ದತ್ತಾಂಶದ ಸಮೇತ ಕಳಿಸು. ನಾನೂ ಮೊದಲಿಂದ ಒಮ್ಮೆ ಲೆಕ್ಕ ಹಾಕಿ ನೋಡುತ್ತೇನೆ.

ನಿನ್ನ ದೊಡ್ಡಮ್ಮ