ಹಳೆಯ ಫೈಲುಗಳಲ್ಲೇ ಇತ್ತು ಆ ನೀಹಾರಿಕೆ

ಮಾನ್ಯ ಸಂಪಾದಕರೇ,

ನೀಹಾರಿಕೆಯ, ಅಂದರೆ ಬಾಹ್ಯಾಕಾಶದ ಅನಿಲ-ದೂಳಿನ ಮೋಡದ, ಫೋಟೋ ನೋಡಿದವರು ‘ಇದೆಲ್ಲ ಕಂಪ್ಯೂಟರಿನಲ್ಲಿ ಬಳಿದ ಬಣ್ಣ’ ಅಂದಾಗ ಬೇಸರವಾಗುತ್ತದೆ. ಅದಕ್ಕೇ ಈ ಪತ್ರ.

ಕೆಲವು ವರ್ಷಗಳ ಹಿಂದೆ ಒರಾಯನ್ ನೀಹಾರಿಕೆಯ 400 ಫೋಟೋ ತೆಗೆದಿದ್ದೆ, ಒಂದೊಂದೂ 10 ಸೆಕೆಂಡಿನದು. ಆಗ ಅವಸರದಲ್ಲಿ ಕಂಪ್ಯೂಟರಿನಲ್ಲಿ ಬೆಳಕು ಜಾಸ್ತಿ ಮಾಡಿಬಿಟ್ಟಿದ್ದೆ. ನಡುಭಾಗವೆಲ್ಲ ಬರೀ ಬಿಳಿ ಮಚ್ಚೆ. ಮೊನ್ನೆ ಅದೇ ರಾ ಫೈಲುಗಳನ್ನು (ಕ್ಯಾಮೆರಾ ದಾಖಲಿಸಿದ ಮೂಲ ಫೈಲು) ಹೊರತೆಗೆದು, ಕ್ಯಾಮೆರಾ ಮತ್ತು ಲೆನ್ಸಿನ ದೋಷ ಕಳೆಯಲು ತೆಗೆಯುವ ಡಾರ್ಕ್ ಮತ್ತು ಫ್ಲಾಟ್ ಫ್ರೇಮುಗಳನ್ನು ಸರಿಯಾಗಿ ಹೊಂದಿಸಿ, ಒಂದರ ಮೇಲೊಂದು ಪೇರಿಸಿ, ಬೀದಿದೀಪದ ಮಬ್ಬನ್ನು ಕಳೆದು, ಬೆಳಕನ್ನು ಸ್ವಲ್ಪ ಸ್ವಲ್ಪವೇ ಎತ್ತುತ್ತಾ ಹೋದೆ. ಮಚ್ಚೆ ಇದ್ದ ಜಾಗದಲ್ಲಿ ನೀಹಾರಿಕೆಯ ನಡುವಿನ ಟ್ರೆಪೀಜಿಯಂ ಎಂಬ ನಕ್ಷತ್ರಗುಂಪಿನ ನಾಲ್ಕು ನಕ್ಷತ್ರಗಳು ಬಿಡಿಬಿಡಿಯಾಗಿ ಕಂಡವು! ಸುಮಾರು 1,300 ಜ್ಯೋತಿರ್ವರ್ಷ ದೂರದ ಬೆಳಕು ಇಷ್ಟು ದಿನ ನನ್ನ ಹಾರ್ಡ್ ಡಿಸ್ಕಿನಲ್ಲೇ ಇತ್ತಲ್ವಾ.

400 ಫೋಟೋ ಪೇರಿಸಿದರೆ, ಒಂದೇ ಫೋಟೋಗೆ ಹೋಲಿಸಿದಾಗ ಕಾಳುಕಾಳು ನಾಯ್ಸ್ ಸುಮಾರು 20ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮಸುಕಾದ ಅನಿಲ ಕಾಣುವುದು ಹೀಗೆ. ಚಿತ್ರದ ಕೆಂಪು ಬಣ್ಣ ಹೈಡ್ರೋಜನ್‌ನದು, 656 ನ್ಯಾನೋಮೀಟರಿನ ನಿಜವಾದ ಬೆಳಕು. ನೀಲಿ-ಹಸಿರು ಬಣ್ಣ ಆಕ್ಸಿಜನ್‌ನದು. ನಾವು ಅದನ್ನು ಕಣ್ಣಿಗೆ ಕಾಣುವಷ್ಟು ಎತ್ತುತ್ತೇವೆ, ಅಷ್ಟೆ. ಆದರೆ ಎಐ ಬಳಸಿ ಇಲ್ಲದ ಎಳೆಗಳನ್ನು ಸೇರಿಸುವುದನ್ನು ನಾನು ಒಪ್ಪುವುದಿಲ್ಲ.

ಇಂಥ ಚಿತ್ರ ಪ್ರಕಟಿಸುವಾಗ ಎಷ್ಟು ಹೊತ್ತಿನ ಫೋಟೋ, ಯಾವ ಫಿಲ್ಟರ್, ಬಣ್ಣ ಹೇಗೆ ಕೊಟ್ಟಿದ್ದು ಅಂತ ಕೆಳಗೆ ಒಂದು ಸಾಲು ಹಾಕಿ, ದಯವಿಟ್ಟು.

– ಒಬ್ಬ ಓದುಗ