ಮಗಳಿಗೊಂದು ಪತ್ರ: ಎಕ್ಸ್-ರೇಯಲ್ಲಿ ಕಂಡ ಕಪ್ಪು ಗೆರೆ

ಪ್ರೀತಿಯ ಪುಟ್ಟಿ,

ಸೈಕಲ್‌ನಿಂದ ಬಿದ್ದು ಮುರಿದ ನಿನ್ನ ಕೈಯ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, "ಅಮ್ಮಾ, ಇನ್ನೊಂದು ಕಡೆಯೂ ಮುರಿದಿದೆ ಅಲ್ವಾ?" ಅಂತ ಕೇಳಿದೆ. ಮಣಿಕಟ್ಟಿನ ಹತ್ತಿರ ಮೂಳೆಯ ತುದಿ ಬೇರೆಯಾಗಿ ನಿಂತಿದೆ, ನಡುವೆ ಒಂದು ಕಪ್ಪು ಗೆರೆ. ಡಾಕ್ಟರ್ "ಅದು ಬೆಳೆಯೋ ಜಾಗ" ಅಂದವರೇ ಮುಂದಿನವರನ್ನು ಕರೆದುಬಿಟ್ಟರು. ನಿನಗೆ ಅಷ್ಟು ಸಾಕಾಗಿಲ್ಲ ಅಂತ ಮುಖ ನೋಡಿದರೇ ಗೊತ್ತಾಯಿತು. ಬಾಯಲ್ಲಿ ಹೇಳಲು ಹೊರಟರೆ ನಡುವೆ ಹತ್ತು ಪ್ರಶ್ನೆ ಹಾಕುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಆ ಗೆರೆ ಖಾಲಿ ಜಾಗವಲ್ಲ. ಅಲ್ಲಿ ಮೆದುಮೂಳೆ ಇದೆ. ಮೂಗಿನ ತುದಿ, ಕಿವಿ ಎಲ್ಲ ಬಗ್ಗಿಸಿದರೆ ಬಗ್ಗುತ್ತವಲ್ಲ, ಅದೇ ಜಾತಿಯದು. ಎಕ್ಸ್-ರೇ ಕಿರಣವನ್ನು ಮುಖ್ಯವಾಗಿ ತಡೆಯುವುದು ಮೂಳೆಯ ಕ್ಯಾಲ್ಸಿಯಂ. ಮೆದುಮೂಳೆಯಲ್ಲಿ ಅದರ ಗಟ್ಟಿ ಲವಣ ಇಲ್ಲ, ಹಾಗಾಗಿ ಕಿರಣ ದಾಟಿಹೋಗಿ ಆ ಜಾಗ ಕಪ್ಪಾಗಿ ಕಾಣುತ್ತದೆ. ಎಕ್ಸ್-ರೇ ಕಂಡುಹಿಡಿದ ರಾಂಟ್‌ಜನ್ 1895ರಲ್ಲಿ ತೆಗೆದ ಅವನ ಹೆಂಡತಿಯ ಕೈಯ ಚಿತ್ರ ನೋಡು. ಅದರಲ್ಲೂ ಬೆರಳಿನ ಮೂಳೆಗಳ ನಡುವೆ ಸಂದುಗಳಿವೆ. ಅವೂ ಮೆದುಮೂಳೆಯ ಜಾಗಗಳೇ.

ನೀನು ಹೊಟ್ಟೆಯಲ್ಲಿದ್ದಾಗ ನಿನ್ನ ಹೆಚ್ಚಿನ ಮೂಳೆಗಳು ಮೊದಲು ಮೆದುಮೂಳೆಯಾಗಿಯೇ ಮೂಡಿದ್ದು. ತಲೆಬುರುಡೆಯ ಮೇಲ್ಭಾಗದಂಥ ಕೆಲವು ಮಾತ್ರ ಬೇರೆ ದಾರಿಯಲ್ಲಿ ಬಂದವು. ಹುಟ್ಟಿದಾಗ ಮಂಡಿ ಚಿಪ್ಪು ಕೂಡ ಮೆತ್ತಗಿತ್ತು. ಅದು ಗಟ್ಟಿಯಾಗಲು ಶುರುವಾಗುವುದೇ ಮೂರು ವರ್ಷದ ಆಸುಪಾಸಿನಲ್ಲಿ. ಎಳೆ ಮಗುವಿನ ಮೈಯಲ್ಲಿ 300ರ ಹತ್ತಿರ ಇರುವ ತುಂಡುಗಳು ಬೆಳೆಯುತ್ತಾ ಕೂಡಿಕೊಂಡು ದೊಡ್ಡವರಲ್ಲಿ 206 ಆಗುತ್ತವೆ.

ಮೂಳೆ ಉದ್ದವಾಗುವುದು ಎಲ್ಲಿಂದ ಗೊತ್ತಾ? ಸ್ಟೀಫನ್ ಹೇಲ್ಸ್ ಅಂತ ಒಬ್ಬ ಪಾದ್ರಿ ಒಂದು ಕೋಳಿಮರಿಯ ಕಾಲಿನ ಮೂಳೆಗೆ ಎರಡು ಸಣ್ಣ ತೂತು ಕೊರೆದ. ಎರಡು ತಿಂಗಳಾದ ಮೇಲೆ ನೋಡಿದರೆ ಮೂಳೆ ಉದ್ದವಾಗಿತ್ತು, ತೂತುಗಳ ನಡುವಿನ ಅಂತರ ಮಾತ್ರ ಹಾಗೇ ಇತ್ತು. ಅಂದರೆ ಮೂಳೆ ನಡುವಿನಲ್ಲಿ ಹಿಗ್ಗುವುದಿಲ್ಲ, ತುದಿಗಳಲ್ಲಿ ಸೇರಿಕೊಳ್ಳುತ್ತಾ ಹೋಗುತ್ತದೆ. 1727ರಲ್ಲಿ ಇದನ್ನು ಅಚ್ಚು ಹಾಕಿಸಿದ. ಕೋಳಿಮರಿಯ ಬಗ್ಗೆ ನಿನಗೆ ಪಾಪ ಅನ್ನಿಸುತ್ತದೆ, ನನಗೂ ಅನ್ನಿಸಿತು. ಆದರೆ ಎಷ್ಟು ಸರಳವಾದ ಪ್ರಯೋಗ!

ನಿನ್ನ ಕಪ್ಪು ಗೆರೆಯಲ್ಲಿ ಈಗ ನಡೆಯುತ್ತಿರುವುದೂ ಇದೇ. ಅಲ್ಲಿನ ಜೀವಕೋಶಗಳು ಸಾಲಾಗಿ ಒಂದರ ಮೇಲೊಂದು ಹುಟ್ಟುತ್ತವೆ, ಉಬ್ಬುತ್ತವೆ. ಹಳೆಯವುಗಳ ಸುತ್ತ ಕ್ಯಾಲ್ಸಿಯಂ ಕೂರುತ್ತದೆ. ಆಮೇಲೆ ರಕ್ತನಾಳಗಳು ನುಗ್ಗುತ್ತವೆ, ಜೊತೆಗೆ ಮೂಳೆ ಕಟ್ಟುವ ಕೋಶಗಳೂ ಬರುತ್ತವೆ. ಹುಡುಗಿಯರಲ್ಲಿ ಸಾಮಾನ್ಯವಾಗಿ 14ರಿಂದ 16 ವರ್ಷದ ಹೊತ್ತಿಗೆ ಈ ಗೆರೆ ಮುಚ್ಚುತ್ತದೆ. ಹುಡುಗರಲ್ಲಿ ಇನ್ನೂ ಸ್ವಲ್ಪ ತಡ. ಮುಚ್ಚಿಸುವುದು ಹೆಣ್ಣಿನ ಹಾರ್ಮೋನು ಅಂತ ಕರೆಯುವ ಈಸ್ಟ್ರೋಜನ್, ಹುಡುಗರಲ್ಲೂ ಅದೇ!

ಇನ್ನು ಮುರಿದ ಮೂಳೆಯ ವಿಷಯ. ಮೂಳೆ ಅಂದರೆ ಬರೀ ಸುಣ್ಣದಂಥ ಗಟ್ಟಿ ವಸ್ತು ಅಂತ ಅಂದುಕೊಳ್ಳಬೇಡ. ಒಂದು ಕೋಳಿ ಮೂಳೆಯನ್ನು ಕೆಲವು ದಿನ ವಿನೆಗರ್‌ನಲ್ಲಿ ಇಟ್ಟರೆ ಅದು ರಬ್ಬರಿನಂತೆ ಬಗ್ಗುತ್ತದೆ. ಕ್ಯಾಲ್ಸಿಯಂ ಕರಗಿ ಕೊಲ್ಯಾಜನ್ ಎಂಬ ನಾರು ಉಳಿದಿರುತ್ತದೆ. ಅದೇ ಮೂಳೆಯನ್ನು ಸುಟ್ಟರೆ ನಾರು ಹೋಗಿ, ಮುಟ್ಟಿದರೆ ಪುಡಿಯಾಗುತ್ತದೆ. ಎರಡೂ ಸೇರಿದಾಗಲೇ ಗಟ್ಟಿತನದ ಜೊತೆ ತಾಳಿಕೆ. ಮಕ್ಕಳ ಮೂಳೆಯಲ್ಲಿ ಗಟ್ಟಿ ಲವಣ ಸ್ವಲ್ಪ ಕಡಿಮೆ. ಹಾಗಾಗಿ ಎಷ್ಟೋ ಸಲ ಅದು ಪೂರ್ತಿ ಮುರಿಯದೆ ಒಂದು ಬದಿ ಸೀಳಿ ಇನ್ನೊಂದು ಬದಿ ಬಗ್ಗುತ್ತದೆ. ನಿನ್ನದೂ ಹಾಗೇ ಆಗಿದೆ.

ಮೂಳೆಯೊಳಗೆ ರಕ್ತ ಹರಿಯುತ್ತದೆ. ಕೆಂಪು ಮಜ್ಜೆಯಲ್ಲಿ ರಕ್ತಕಣಗಳೇ ಹುಟ್ಟುತ್ತವೆ. ಹಳೆಯ ಮೂಳೆಯನ್ನು ಕರಗಿಸುವ ಕೋಶಗಳು, ಹೊಸದು ಕಟ್ಟುವ ಕೋಶಗಳು, ಎರಡೂ ಸದಾ ಕೆಲಸದಲ್ಲಿರುತ್ತವೆ. ದೊಡ್ಡವರಲ್ಲೂ ವರ್ಷಕ್ಕೆ ಸುಮಾರು ಶೇಕಡಾ 10ರಷ್ಟು ಮೂಳೆ ಹೊಸದಾಗುತ್ತದೆ. ಎಲ್ಲಿ ಭಾರ ಬೀಳುತ್ತದೋ ಅಲ್ಲಿ ಜಾಸ್ತಿ ಕಟ್ಟುತ್ತದೆ. ಚಿಕ್ಕಂದಿನಿಂದ ಟೆನಿಸ್ ಆಡುವವರ ರ‍್ಯಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದಕ್ಕಿಂತ ದಪ್ಪ. ಬಾಹ್ಯಾಕಾಶಕ್ಕೆ ಹೋದವರಿಗೆ ಉಲ್ಟಾ: ಭಾರವೇ ಇಲ್ಲದ್ದರಿಂದ ಸೊಂಟದ ಮೂಳೆ ತಿಂಗಳಿಗೆ ಶೇಕಡಾ 1ರಷ್ಟು ಸವೆಯುತ್ತದೆ.

ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆಮೇಲೆ ಅಲ್ಲಿ ನಾರಿನ ಜೊತೆ ಮೆದುಮೂಳೆ ಬೆಳೆಯುತ್ತದೆ, ಅದು ನಿಧಾನವಾಗಿ ಮೂಳೆಯಾಗುತ್ತದೆ. ಹೊಟ್ಟೆಯಲ್ಲಿದ್ದಾಗ ನಡೆದದ್ದೇ ಮತ್ತೊಮ್ಮೆ. ನನಗೆ ಇದು ತುಂಬಾ ಇಷ್ಟವಾದ ಸಂಗತಿ.

ಮೂಳೆಗೆ ಇಷ್ಟೆಲ್ಲ ಒಳಗೇ ರಿಪೇರಿ ಸಿಗುತ್ತದೆ, ಆದರೆ ಕೀಲುಗಳಲ್ಲಿರುವ ಮೆದುಮೂಳೆಗೆ ಆ ಭಾಗ್ಯ ಇಲ್ಲ. ಮಂಡಿಯಲ್ಲಿ ಮೂಳೆಯ ತುದಿಗೆ ಕೆಲವೇ ಮಿಲಿಮೀಟರ್ ದಪ್ಪಕ್ಕೆ ಅದು ಅಂಟಿಕೊಂಡಿರುತ್ತದೆ. ರಕ್ತನಾಳ ಇಲ್ಲ, ನರವೂ ಇಲ್ಲ. ಬಹುಪಾಲು ನೀರು. ನಡೆದಾಗ, ಓಡಿದಾಗ ಒದ್ದೆ ಸ್ಪಂಜಿನಂತೆ ನೀರು ಬಿಟ್ಟು ಮತ್ತೆ ಹೀರಿಕೊಳ್ಳುತ್ತದೆ. ಕೀಲಿನ ದ್ರವದಿಂದ ಅದಕ್ಕೆ ಊಟ ಸಿಗುವುದೂ ಹೀಗೇ. ಆದ್ದರಿಂದ ಸುಮ್ನೆ ಕೂತರೆ ಮೆದುಮೂಳೆಗೆ ಒಳ್ಳೆಯದು ಅನ್ನುವುದು ತಪ್ಪು. ಆದರೆ ಒಮ್ಮೆ ಹರಿದರೆ, ಸವೆದರೆ, ಮೊದಲಿನಂತೆ ಆಗುವುದಿಲ್ಲ. 1743ರಲ್ಲೇ ವಿಲಿಯಂ ಹಂಟರ್ ಎಂಬ ವೈದ್ಯ ಇದನ್ನು ಬರೆದಿದ್ದ. ನೀನು ಸೈಕಲ್‌ನಿಂದ ಬಿದ್ದಾಗ ಕೈಗಿಂತ ಮೊದಲು ನಿನ್ನ ಮಂಡಿ ನೋಡಿದ್ದು ಇದಕ್ಕೇ.

ಇನ್ನು ಈ ಕೈ ಗಿಡ್ಡ ಆಗುತ್ತಾ ಅಂತ ಕೇಳಿದೆಯಲ್ಲ. ಬಿರುಕು ಆ ಗೆರೆಯ ಮೂಲಕ ಹಾದುಹೋಗಿದ್ದರೆ ಆ ಭಯ ಇರುತ್ತಿತ್ತು. ಬೆಳವಣಿಗೆ ಅಲ್ಲೇ ನಿಲ್ಲಬಹುದು, ಓರೆಯಾಗಬಹುದು, ಮತ್ತೆ ಮತ್ತೆ ಎಕ್ಸ್-ರೇ ತೆಗೆದು ನೋಡಬೇಕಾಗುತ್ತದೆ. ನಿನ್ನ ಬಿರುಕು ಗೆರೆಯಿಂದ ದೂರ, ಮೊಣಕೈ ಕಡೆಗಿದೆ. ಡಾಕ್ಟರ್ ಅದನ್ನೇ ಎರಡು ಸಲ ನೋಡಿ ಖಚಿತ ಮಾಡಿಕೊಂಡರು. ಪ್ಲಾಸ್ಟರ್ ಒಳಗೆ ಸ್ಕೇಲ್ ತೂರಿಸಿ ಕೆರೆದುಕೊಳ್ಳಬೇಡ, ಚರ್ಮ ಗಾಯವಾದರೆ ಅದೇ ಬೇರೆ ಫಜೀತಿ.

ನಿನ್ನ
ಅಮ್ಮ