ಮಗಳಿಗೊಂದು ಪತ್ರ: ಚೆಂಡಿಲ್ಲದ ಹೊತ್ತು

ಪುಟ್ಟಿ,

ಕನ್ನಡ ಕೂಟದ ಭಾನುವಾರದ ಕ್ಲಾಸಿನಲ್ಲಿ ಕಲಿತದ್ದು ಮರೆತುಹೋಗದಿರಲಿ ಅಂತ ಕಾಗದವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಧಾನವಾಗಿ ಓದು. ಒತ್ತಕ್ಷರ ಕೈಕೊಟ್ಟರೆ ಅಮ್ಮನನ್ನು ಕೇಳು, ಅವಳಿಗೆ ನನಗಿಂತ ತಾಳ್ಮೆ ಜಾಸ್ತಿ.

ಕಾಲೇಜಿನ ಫುಟ್‌ಬಾಲ್ ಟೀಮಿಗೆ ಸ್ಪೋರ್ಟ್ಸ್ ಸೈಕಾಲಜಿಸ್ಟ್ (ಆಟಗಾರರ ಮನಸ್ಸು ನೋಡಿಕೊಳ್ಳುವವರು) ಬಂದಿದ್ದಾರೆ, ಕಣ್ಣು ಮುಚ್ಚಿ ಉಸಿರು ಎಣಿಸಿ ಅಂತಾರೆ ಅಂದು ಫೋನಿನಲ್ಲಿ ನಕ್ಕೆಯಲ್ಲ, ನನಗೇನೂ ನಗು ಬರಲಿಲ್ಲ. 90 ನಿಮಿಷದ ಆಟದಲ್ಲಿ ಒಬ್ಬಳ ಕಾಲಲ್ಲಿ ಚೆಂಡು ಇರುವುದು ಎಲ್ಲ ಕೂಡಿಸಿದರೂ ಎರಡು-ಮೂರು ನಿಮಿಷ. ಮಿಕ್ಕಿದ್ದೆಲ್ಲ ಓಡುವುದು, ನೋಡುವುದು, ಕಾಯುವುದು. ನಿನಗಿದು ಮೊದಲ ವರ್ಷ, ಬೆಂಚನ್ನೂ ಸೇರಿಸಿಕೋ. ಅಮೆರಿಕದ ಕಾಲೇಜ್ ಸಾಕರ್‌ನ ನಿಯಮ ಬೇರೆ ಬಿಗಿ: ಮೊದಲರ್ಧದಲ್ಲಿ ಹೊರಗೆ ಕರೆದರೆ, ಸಾಮಾನ್ಯವಾಗಿ ಆ ಅರ್ಧ ಮುಗಿಯುವ ತನಕ ಮತ್ತೆ ಇಳಿಯುವಂತಿಲ್ಲ. ಆಗ ತಲೆ ಸುಮ್ಮನಿರುತ್ತದೆಯೇ? ಹತ್ತು ನಿಮಿಷದ ಹಿಂದೆ ಕೊಟ್ಟ ಕೆಟ್ಟ ಪಾಸನ್ನೇ ಮೆಲುಕು ಹಾಕುತ್ತದೆ. ಉಸಿರು ಎಣಿಸಬೇಕಾದದ್ದು ಅಲ್ಲಿ. ಎಣಿಸಿದ ಮೇಲೆ ತಲೆಗೊಂದು ಕೆಲಸ ಕೊಡು. ಎದುರು ತಂಡದ ಲೆಫ್ಟ್ ಬ್ಯಾಕ್, ಅಂದರೆ ಎಡಬದಿ ಕಾಯುವವಳು, ಯಾವಾಗ ಮುಂದೆ ನುಗ್ಗುತ್ತಾಳೆ, ಬೆನ್ನ ಹಿಂದೆ ಎಷ್ಟು ಜಾಗ ಬಿಡುತ್ತಾಳೆ, ನೋಡುತ್ತಿರು. ಎರಡನೇ ಅರ್ಧಕ್ಕೆ ಇಳಿದರೆ ಓಡಬೇಕಾದ್ದು ಅಲ್ಲಿಗೇ.

ಪೆನಾಲ್ಟಿಯಲ್ಲೂ ಇದೇ ಕಥೆ. ನಾರ್ವೆಯ ಕ್ರೀಡಾ ಮನಶ್ಶಾಸ್ತ್ರಜ್ಞ ಗೇರ್ ಯೋರ್ಡೆಟ್ ದೊಡ್ಡ ಪಂದ್ಯಗಳ, ಆಟ ಸಮನಾದಾಗ ಪೆನಾಲ್ಟಿ ಒದ್ದು ತೀರ್ಮಾನಿಸುವ ಶೂಟೌಟ್‌ಗಳನ್ನು ಕೂತು ಅಳೆದವರು. ರೆಫರಿ ಶಿಳ್ಳೆ ಊದಿದ್ದೇ ತಡ ಓಡಿ ಒದೆಯುವವರು ಹೆಚ್ಚು ತಪ್ಪಿಸುತ್ತಾರೆ ಅನ್ನುವುದು ಅವರು ಕಂಡದ್ದು. ಬೇಗ ಮುಗಿದರೆ ಸಾಕಪ್ಪಾ ಅನ್ನುವ ಆತುರ. ಶಿಳ್ಳೆಯಾದ ಮೇಲೂ ಒಂದು ಉಸಿರು ನಿನ್ನದೇ, ಅದನ್ನು ಯಾರೂ ಕಸಿಯಲಾರರು.

ನಾರ್ತ್ ಕೆರೊಲಿನಾ ಯೂನಿವರ್ಸಿಟಿಯ ಹುಡುಗಿಯರ ತಂಡಕ್ಕೆ ಕೋಚ್ ಆಗಿದ್ದ ಆನ್ಸನ್ ಡೊರಾನ್ಸ್ ಅಭ್ಯಾಸದ ಪ್ರತಿಯೊಂದು ಡ್ರಿಲ್ಲಿಗೂ ಅಂಕ ಹಾಕಿ ಹುಡುಗಿಯರ ರ‍್ಯಾಂಕ್ ಪಟ್ಟಿ ಮಾಡುತ್ತಿದ್ದರಂತೆ. ಅವರು ನಿವೃತ್ತರಾದ 2024ರಲ್ಲೂ ಆ ತಂಡ ಗೆದ್ದು ಕಾಲೇಜುಗಳ ರಾಷ್ಟ್ರಮಟ್ಟದ 22ನೇ ಎನ್‌ಸಿಎಎ ಪ್ರಶಸ್ತಿ ಪಡೆಯಿತು, ಅಲ್ಲಗಳೆಯುವ ಹಾಗಿಲ್ಲ. ಆದರೂ ನನಗೆ ನಮ್ಮ ಎಸ್ಸೆಸ್ಸೆಲ್ಸಿ ಕಾಲದ ನೋಟಿಸ್ ಬೋರ್ಡೇ ನೆನಪಾಗುತ್ತದೆ. ಆ ಪಟ್ಟಿಯ ಕೆಳಗಡೆ ಇದ್ದವರನ್ನು ಆಮೇಲೆ ಯಾರೂ ಮಾತಾಡಿಸಲಿಲ್ಲ.

ಈ ಕಾಗದ ಬರೆಯಲು ಕಾರಣ ಬೇರೆಯೇ ಇದೆ. 2019ರ ಎನ್‌ಸಿಎಎ ಫೈನಲ್ ನಿನಗೆ ಗೊತ್ತಿರುತ್ತದೆ. ಸ್ಟ್ಯಾನ್‌ಫರ್ಡ್–ನಾರ್ತ್ ಕೆರೊಲಿನಾ ಗೋಲಿಲ್ಲದೆ ಮುಗಿದು, ಶೂಟೌಟ್‌ನಲ್ಲಿ ಸ್ಟ್ಯಾನ್‌ಫರ್ಡ್ 5–4ರಿಂದ ಗೆದ್ದಿತು. ಎರಡು ಒದೆತ ತಡೆದ ಗೋಲಿ ಕೇಟಿ ಮೆಯರ್. ಅಷ್ಟು ಗಟ್ಟಿ ಮನಸ್ಸಿನ ಹುಡುಗಿ ಬೇರೆ ಇಲ್ಲ ಅನ್ನಿಸುತ್ತದೆ ನೋಡಿದರೆ. 2022ರಲ್ಲಿ, ಕೊನೆಯ ವರ್ಷದಲ್ಲಿದ್ದಾಗ, ತಂಡದ ಕ್ಯಾಪ್ಟನ್ ಆಗಿದ್ದ ಆ ಮಗು ತನ್ನ ಜೀವ ತಾನೇ ಕಳೆದುಕೊಂಡಿತು. ಇಪ್ಪತ್ತೆರಡು ವರ್ಷ. ಮೈದಾನದ ಗಟ್ಟಿತನ ನೋಡಿ ಒಳಗೂ ಎಲ್ಲ ಸರಿಯಿದೆ ಅಂದುಕೊಳ್ಳುವ ಧೈರ್ಯ ನನಗೀಗ ಇಲ್ಲ. ಹಾಗಾಗಿ ಆ ಸೈಕಾಲಜಿಸ್ಟ್ ಹತ್ತಿರ ಬರೀ ಪೆನಾಲ್ಟಿ ಮಾತಾಡಿ ಎದ್ದು ಬರಬೇಡ. ನಿದ್ದೆ, ಪರೀಕ್ಷೆ, ಮನೆ ನೆನಪು, ನಮ್ಮ ಮೇಲಿನ ಸಿಟ್ಟು, ಎಲ್ಲ ಹೇಳಬಹುದು. ಅವರ ಬಾಗಿಲು ಮುಚ್ಚಿರುವ ಹೊತ್ತಿನಲ್ಲಿ ಮನಸ್ಸು ಕುಗ್ಗಿದವರಿಗಾಗಿ ಅಮೆರಿಕದಲ್ಲಿರುವ ಸಹಾಯವಾಣಿ 988ಕ್ಕೆ ಕರೆ ಮಾಡಬಹುದು, ಮೆಸೇಜೂ ಮಾಡಬಹುದು.

ಕೇಟಿಯ ಅಪ್ಪ-ಅಮ್ಮ ಕಾಲೇಜುಗಳ ಮುಂದೆ ಒಂದು ಬೇಡಿಕೆ ಇಟ್ಟಿದ್ದಾರೆ: ವಿದ್ಯಾರ್ಥಿ ಮೊದಲೇ ಒಬ್ಬರ ಹೆಸರು ಬರೆದುಕೊಡಲಿ, ಕಷ್ಟ ಬಂದಾಗ ಕಾಲೇಜು ಅವರಿಗೆ ತಿಳಿಸಲಿ. ನಿನ್ನ ಕಾಲೇಜಿನಲ್ಲಿ ಅಂಥ ಫಾರ್ಮ್ ಇದೆಯಾ, ಈ ವಾರವೇ ವಿಚಾರಿಸು. ಇದ್ದರೆ ನನ್ನ ಹೆಸರೇ ಬರೆಯಬೇಕು ಅಂತೇನಿಲ್ಲ. ಅಮ್ಮ, ಚಿಕ್ಕಮ್ಮ, ನಿನ್ನ ಹೈಸ್ಕೂಲ್ ಕೋಚ್, ಯಾರಾದರೂ ಆಗಲಿ. ರಾತ್ರಿ ಎರಡು ಗಂಟೆಗೂ ಫೋನ್ ಎತ್ತುವವರಾದರೆ ಸರಿ.

ನಿನ್ನ
ಅಪ್ಪ